ಬೆನ್ನುಹುರಿಯನ್ನು ಒತ್ತುವ ಗಡ್ಡೆ: ಆಪರೇಷನ್‌ನಿಂದ ಸಿಗುವುದೇನು?

ಬೆನ್ನುಮೂಳೆಯಲ್ಲಿ ಕಾಣುವ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಿನವು ಅಲ್ಲೇ ಹುಟ್ಟಿದವಲ್ಲ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್‌ಗಳಿಂದ ಹರಡಿ ಬಂದವು. ಗಡ್ಡೆ ಬೆಳೆದು ಬೆನ್ನುಹುರಿಯನ್ನು ಒತ್ತಿದರೆ ಮೊದಲು ನೋವು. ಆಮೇಲೆ ಕಾಲಿನ ಬಲ ಕುಂದುತ್ತದೆ, ಮಲಮೂತ್ರದ ಹಿಡಿತ ತಪ್ಪುತ್ತದೆ.

ಹಿಂದೆ ಆಪರೇಷನ್ ಎಂದರೆ ಮೂಳೆಯ ಹಿಂಬದಿಯ ಕಮಾನನ್ನು ತೆಗೆಯುವುದು, ಅಷ್ಟೆ. ಗಡ್ಡೆ ಇರುವುದೋ ಸಾಮಾನ್ಯವಾಗಿ ಮುಂಬದಿಯಲ್ಲಿ! ಒತ್ತಡ ಹಾಗೇ ಉಳಿಯುತ್ತಿತ್ತು, ಬೆನ್ನಿನ ಆಧಾರವೂ ಸಡಿಲವಾಗುತ್ತಿತ್ತು. ಹಾಗಾಗಿ ರೇಡಿಯೇಷನ್ನೇ ಸಾಕು ಎಂಬ ಅಭಿಪ್ರಾಯ ಬೇರೂರಿತು.

ಅದನ್ನು ಅಲುಗಾಡಿಸಿದ್ದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ, ಅಮೆರಿಕದ ರಾಯ್ ಪ್ಯಾಚೆಲ್ ತಂಡದ ಅಧ್ಯಯನ. 101 ರೋಗಿಗಳು, ಎರಡು ಗುಂಪು. ಒಂದಕ್ಕೆ ಹುರಿಯ ಸುತ್ತಲಿನ ಗಡ್ಡೆ ತೆಗೆದು, ಅಗತ್ಯವಿದ್ದಲ್ಲಿ ಮೂಳೆಗೆ ಆಧಾರ ಕೊಟ್ಟು, ನಂತರ ರೇಡಿಯೇಷನ್. ಇನ್ನೊಂದಕ್ಕೆ ರೇಡಿಯೇಷನ್ ಮಾತ್ರ. ಚಿಕಿತ್ಸೆಯ ಬಳಿಕ ನಡೆಯಬಲ್ಲವರು ಮೊದಲ ಗುಂಪಿನಲ್ಲಿ ಶೇ 84, ಎರಡನೆಯದರಲ್ಲಿ ಶೇ 57. ನಡಿಗೆ ಉಳಿದ ಅವಧಿಯ ಮಧ್ಯಾಂಕ 122 ದಿನ. ಎದುರಿಗೆ ಬರೀ 13. ಆಯುಸ್ಸಿನ ಅಂತರ ಮಾತ್ರ ಸಣ್ಣದು: 126 ದಿನ, 100 ದಿನ. ದೊಡ್ಡ ಲಾಭ ಬದುಕಿನ ಉದ್ದದಲ್ಲಲ್ಲ, ಕಾಲಿನ ಶಕ್ತಿಯಲ್ಲಿ.

ಆದರೆ ಆಯ್ಕೆಯಾದವರಿಗೆ ಕನಿಷ್ಠ 3 ತಿಂಗಳ ಆಯುಸ್ಸಿನ ನಿರೀಕ್ಷೆ ಇರಬೇಕಿತ್ತು. ಕಾಲು ಪೂರ್ತಿ ಸ್ವಾಧೀನ ತಪ್ಪಿ 48 ಗಂಟೆ ದಾಟಿರಬಾರದಿತ್ತು. ರೇಡಿಯೇಷನ್‌ಗೇ ಬೇಗ ಕರಗುವ ಲಿಂಫೋಮಾ, ಮೈಲೋಮಾದಂಥವನ್ನು ಹೊರಗಿಡಲಾಗಿತ್ತು.