ಕೀಲುನೋವೂ ಕೊಳವೆಬಾವಿಯ ನೀರೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಲ್ಲಿ ನಡುವಯಸ್ಸಿಗೇ ಬೆನ್ನು ಬಗ್ಗಿಸಲಾರದೆ, ಕುಕ್ಕರುಗಾಲಿನಲ್ಲಿ ಕೂರಲಾರದೆ ಸಂಕಟಪಡುವವರನ್ನು ಕಂಡರೆ ‘ವಾತ’ವೆಂದು ಹೇಳಿ ಸುಮ್ಮನಾಗುವುದು ನಮ್ಮ ವಾಡಿಕೆ. ವಾತವೆಂಬುದು ಹೆಸರೇ ಹೊರತು ಕಾರಣವಲ್ಲ. ಈ ಸೀಮೆಯಲ್ಲಿ ಕುಡಿಯುವ ನೀರನ್ನೂ ಶಂಕಿಸಬೇಕಾಗುತ್ತದೆ.

ಇಲ್ಲಿನ ಗ್ರಾನೈಟು ಮೊದಲಾದ ಶಿಲೆಗಳಲ್ಲಿ ಫ್ಲೋರಿನ್ ಸೇರಿದ ಖನಿಜಗಳುಂಟು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅವುಗಳಿಂದ ಫ್ಲೋರೈಡನ್ನು ಹೀರಿಕೊಳ್ಳುತ್ತದೆ. ಕೆರೆಗಳು ಬತ್ತಿದಂತೆಲ್ಲ ಜನರು ಸಾವಿರ ಅಡಿಗೂ ಮಿಕ್ಕಿ ಕೊರೆದು ತೆಗೆದದ್ದು ಇಂತಹ ನೀರನ್ನೇ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಲೇಸು; ಬೇರೆ ಗತಿಯಿಲ್ಲದಿದ್ದರೆ 1.5ರ ವರೆಗೆ ಸಲ್ಲುತ್ತದೆ.

ಮಿತಿಮೀರಿದ ಫ್ಲೋರೈಡು ವರುಷಗಳ ಕಾಲ ಎಲುಬಿನಲ್ಲಿ ನೆಲಸಿ ಅದನ್ನು ದಟ್ಟವಾಗಿಸುತ್ತದೆ. ಕೀಲುಗಳನ್ನು ಬಿಗಿದಿರುವ ನಾರುಗಳಲ್ಲಿ ಸುಣ್ಣ ಕಟ್ಟುತ್ತದೆ. ಕ್ಷಕಿರಣದ ಚಿತ್ರದಲ್ಲಿ ಬೆನ್ನೆಲುಬು ಸೀಮೆಸುಣ್ಣದಂತೆ ಬೆಳ್ಳಗೆ ತೋರುವುದು. ಮುಂಗೈಯ ಎರಡು ಎಲುಬುಗಳ ನಡುವಣ ಪೊರೆಯೂ ಗಟ್ಟಿಯಾಗಿ ಕಾಣುವುದು. ಸಾಮಾನ್ಯ ಸಂಧಿವಾತದಲ್ಲಿ ಈ ಗುರುತಿಲ್ಲ. ಮೊಳಕಾಲು ನೋವೆಂದು ಹೋದವನ ಮುಂಗೈಯನ್ನು ವೈದ್ಯರು ಚಿತ್ರಿಸಹೊರಟರೆ ರೋಗಿಗೆ ನಗು ಬಂದೀತು. ಆದರೆ ಅದು ಸರಿಯಾದ ದಾರಿ. 1937ರಲ್ಲಿ ನೆಲ್ಲೂರು ಸೀಮೆಯ ರೋಗಿಗಳಲ್ಲಿ ಈ ವ್ಯಾಧಿಯನ್ನು ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ವರ್ಣಿಸಿದರು.

ಆದರೂ ಕ್ಷಕಿರಣವು ತಡವಾಗಿ ನುಡಿಯುವ ಸಾಕ್ಷಿ. ಗಟ್ಟಿಯಾದ ನಾರನ್ನು ಸಡಿಲಿಸುವ ಔಷಧವಿಲ್ಲ. ಮಕ್ಕಳ ಹಲ್ಲಿನ ಕಂದುಕಲೆಯೇ ಮೊದಲು ಎಚ್ಚರಿಸುವುದು. ಅಂತಹ ಊರಿನಲ್ಲಿ ನೀರನ್ನು ಪರೀಕ್ಷಿಸಬೇಕು, ಕಾಯಿಸಿದರೆ ಸಾಲದು. ಕ್ರಿಮಿಗಳು ಸಾಯುವುವು, ಫ್ಲೋರೈಡು ಉಳಿಯುವುದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುವುದು.