ಮೌಸ್ ಯಾರ ಕೈಯಲ್ಲಿತ್ತು?

ಕಳೆದ ವರ್ಷ ಯುಗಾದಿ ಮುಗಿದ ವಾರ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಮನೆ ಮೆಸೇಜುಗಳು. ಗುರುವಂದನಾ ಕಾರ್ಯಕ್ರಮ ಮಾಡಬೇಕು, ಮೇಷ್ಟ್ರುಗಳಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು, ಜೊತೆಗೆ ಶಾಲೆಗೂ ಏನಾದರೂ ಕೊಡಬೇಕು ಅಂತ. ಗೋಡೆ ಗಡಿಯಾರ, ಬೀರು, ಮೈಕ್ ಸೆಟ್ಟು ಅಂತೆಲ್ಲ ಸಲಹೆ ಬಂದವು. ಕೊನೆಗೆ ದುಬೈನಲ್ಲಿರೋ ಗೆಳೆಯನೊಬ್ಬ, "ಹತ್ತು ಕಂಪ್ಯೂಟರ್ ಕೊಟ್ಟುಬಿಡೋಣ" ಅಂದ. ಎಲ್ಲರೂ ಹೂಂ ಅಂದರು. "ನಮ್ಮಲ್ಲೇ ಒಬ್ಳು ಸಾಫ್ಟ್‌ವೇರ್ ಇಂಜಿನಿಯರ್ ಇದಾಳಲ್ಲ, ಯಾವ್ದು ತಗೋಬೇಕು ಅಂತ ಅವಳೇ ಹೇಳ್ಲಿ" ಅಂತ ಜವಾಬ್ದಾರಿ ನನ್ನ ತಲೆಗೆ ಕಟ್ಟಿದರು.

ಅದೇ ರಾತ್ರಿ ನನ್ನ ಹಳೇ ಗೆಳತಿ ಫೋನ್ ಮಾಡಿದಳು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳಿಗೆ ಪಿಯುಸಿ ಮುಗಿದ ವರ್ಷವೇ ಮದುವೆಯಾಯಿತು, ಊರಲ್ಲೇ ಇದ್ದಾಳೆ. ಮಗಳು ಆಗ ಆರನೇ ಕ್ಲಾಸು.

"ಎಲ್ಲಾ ಸರಿ ಕಣೇ, ಇನ್ನೆರಡು ವರ್ಷಕ್ಕೆ ನನ್ ಮಗಳೂ ಅದೇ ಹೈಸ್ಕೂಲಿಗೆ ಬರ್ತಾಳೆ. ಅವಳಿಗೆ ಮುಟ್ಟಕ್ಕೆ ಬಿಡ್ತಾರಾ? ನಮಗಾದಂಗೆ ಆಗಬಾರದು ನೋಡು" ಅಂದಳು. ಅಂದವಳು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ.

ಚಪ್ಪಲಿ ಹೊರಗೆ, ನಾವು ಹಿಂದೆ

ನಮ್ಮೂರು ಚನ್ನಗಿರಿ ತಾಲೂಕಿನಲ್ಲಿದೆ. ಸುತ್ತ ಅಡಿಕೆ ತೋಟ, ನಡುವೆ ಸರ್ಕಾರಿ ಹೈಸ್ಕೂಲು. 2007ರಲ್ಲಿ ನಾನು ಎಂಟನೇ ಕ್ಲಾಸಿಗೆ ಸೇರಿದಾಗ ಕಂಪ್ಯೂಟರ್ ರೂಮಿಗೆ ಹೊಸದಾಗಿ ಸುಣ್ಣಬಣ್ಣ ಆಗಿತ್ತು. ಕಿಟಕಿಗೆ ನೀಲಿ ಪರದೆ. ಇಡೀ ಶಾಲೆಯಲ್ಲಿ ಫ್ಯಾನ್ ಇದ್ದ ಎರಡು ಕೋಣೆಗಳಲ್ಲಿ ಅದೂ ಒಂದು. ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನದ ಗರ್ಭಗುಡಿಗೆ ಹೋಗೋ ಹಾಗೆ ಒಳಗೆ ಹೋಗುತ್ತಿದ್ದೆವು.

ಇದ್ದದ್ದು ಹತ್ತು ಕಂಪ್ಯೂಟರ್. ನಡೆಯುತ್ತಿದ್ದದ್ದು ಏಳು. ನಮ್ಮ ಸೆಕ್ಷನ್ನಿನಲ್ಲಿ 54 ಮಕ್ಕಳು. ಅಂದರೆ ಒಂದು ಕಂಪ್ಯೂಟರಿಗೆ ಏಳೆಂಟು ಜನ. ಪೀರಿಯಡ್ಡು 40 ನಿಮಿಷದ್ದು. ಸಾಲಾಗಿ ಹೋಗಿ, ಚಪ್ಪಲಿ ಬಿಟ್ಟು, ಕೂತು, ಅದು ಆನ್ ಆಗೋದರೊಳಗೆ 10 ನಿಮಿಷ ಹೋಯಿತು. ಉಳಿದ 30 ನಿಮಿಷ ಸಮನಾಗಿ ಹಂಚಿದರೂ ತಲೆಗೆ ನಾಲ್ಕು ನಿಮಿಷ ಬರುತ್ತಿತ್ತು. ಆದರೆ ಹಂಚೋರು ಯಾರು? ಮೊದಲು ಓಡಿ ಹೋಗಿ ಕುರ್ಚಿ ಹಿಡಿದವನ ಕೈಗೆ ಮೌಸು. ಅವನ ಪಕ್ಕದವನಿಗೆ ಕೀಬೋರ್ಡು. ಉಳಿದ ಹುಡುಗರು ಅವರ ಭುಜದ ಮೇಲೆ. ನಾವು ಹುಡುಗಿಯರು ಅವರ ಹಿಂದೆ ನಿಂತು, ಜಡೆ ಸರಿಮಾಡಿಕೊಳ್ಳುತ್ತಾ, ಸಂದಿಯಲ್ಲಿ ಕಂಡಷ್ಟು ನೋಡುತ್ತಿದ್ದೆವು.

ಕಲಿಸೋಕೆ ಬರುತ್ತಿದ್ದ ಸಾರ್ ಒಳ್ಳೆಯವರೇ. ಪಾಪ, ಗುತ್ತಿಗೆ ಕೆಲಸ, ಕಡಿಮೆ ಸಂಬಳ. 54 ಮಕ್ಕಳನ್ನ ಸುಮ್ಮನೆ ಕೂರಿಸೋದರಲ್ಲೇ ಅವರಿಗೆ ಸಾಕಾಗುತ್ತಿತ್ತು. ಕರೆಂಟ್ ಹೋದರೆ, ಅದು ಹೋಗುತ್ತಲೇ ಇತ್ತು, ಯುಪಿಎಸ್ ಕುಂಯ್ ಅಂದು ಕಣ್ಣು ಮುಚ್ಚುತ್ತಿತ್ತು. ಆಮೇಲೆ "ಕಂಪ್ಯೂಟರಿನ ಭಾಗಗಳನ್ನು ಬರೆಯಿರಿ" ಅಂತ ನೋಟ್ಸು. ಪರೀಕ್ಷೆಯಲ್ಲಿ ನಾನೂ ನನ್ನ ಗೆಳತಿಯೂ ಮೌಸಿನ ಚಿತ್ರ ಬರೆದು ಪೂರ್ತಿ ಅಂಕ ತಗೊಂಡಿದ್ದೇವೆ. ಮೂರು ವರ್ಷದಲ್ಲಿ ಅದನ್ನ ಕೈಯಲ್ಲಿ ಹಿಡಿದದ್ದು ನಾಲ್ಕೋ ಐದೋ ಸಲ.

ಒಂದು ಸಲ ಮಾತ್ರ ಚೆನ್ನಾಗಿ ನೆನಪಿದೆ. ಹುಡುಗರೆಲ್ಲ ಕಬಡ್ಡಿ ಮ್ಯಾಚಿಗೆ ಹೋಗಿದ್ದರು. ಸಾರ್ 'ನುಡಿ' ತೆರೆದು, ಕನ್ನಡದಲ್ಲಿ ಹೆಸರು ಟೈಪ್ ಮಾಡಿ ಅಂದರು. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ ಅದು ಅಂತ ಆಮೇಲೆ ಗೊತ್ತಾಯಿತು. ಅಲ್ಲಿವರೆಗೂ ಫೈಲು, ಎಡಿಟ್ಟು ಅಂತ ಬರೀ ಇಂಗ್ಲಿಷ್ ತೋರಿಸುತ್ತಿದ್ದ ಪರದೆ ಮೇಲೆ ನನ್ನ ಹೆಸರು ಕನ್ನಡದಲ್ಲಿ ಬಂತು. ಗೆಳತಿ ನನಗಿಂತ ಬೇಗ ಹಿಡಿದಳು. ಅವಳ ಹೆಸರು, ಅಪ್ಪನ ಹೆಸರು, ಎಮ್ಮೆಯ ಹೆಸರು ಎಲ್ಲಾ ಬರೆದಳು. ಮುಂದಿನ ವಾರ ಹುಡುಗರು ವಾಪಸ್ ಬಂದರು, ನಾವು ಮತ್ತೆ ಹಿಂದೆ.

ಗಣಿತದಲ್ಲಿ ಅವಳು ನನಗಿಂತ ಮುಂದಿದ್ದಳು. ಇದನ್ನ ದೊಡ್ಡತನಕ್ಕೆ ಹೇಳುತ್ತಿಲ್ಲ, ಮಾರ್ಕ್ಸ್ ಕಾರ್ಡು ಹೇಳುತ್ತೆ. ದಾವಣಗೆರೆಯಲ್ಲಿ ನಮ್ಮ ಸೋದರಮಾವನ ಮನೆ ಇತ್ತು, ಅಲ್ಲಿದ್ದು ಓದಿದೆ, ಇಂಜಿನಿಯರಿಂಗ್ ಸೇರಿದೆ. ಅವಳಿಗೆ ಅಂಥ ಮನೆ ಇರಲಿಲ್ಲ. ಮೊದಲ ಸೆಮಿಸ್ಟರಿನ ಸಿ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ನಾನು ಮಾನಿಟರ್ ಗುಂಡಿ ಒತ್ತಿ, ಕಂಪ್ಯೂಟರ್ ಯಾಕೆ ಶುರುವಾಗ್ತಿಲ್ಲ ಅಂತ ಕಾಯುತ್ತಾ ಕೂತಿದ್ದೆ. ಪಕ್ಕದ ಹುಡುಗ ಬಗ್ಗಿ ಸಿಪಿಯು ಆನ್ ಮಾಡಿ, "ಸ್ಕೂಲಲ್ಲಿ ಕಂಪ್ಯೂಟರ್ ಇರ್ಲಿಲ್ವಾ?" ಅಂತ ಕೇಳಿದ. ಇತ್ತು ಅಂತ ಹೇಳೋಕೆ ನಾಚಿಕೆಯಾಯಿತು.

ಪೆಟ್ಟಿಗೆ ಬಂತು, ಪಾಠ?

ನಮ್ಮ ಶಾಲೆಯದ್ದು ಒಂಟಿ ಕಥೆಯಲ್ಲ. 2001ರ ಸುಮಾರಿಗೆ ಕರ್ನಾಟಕ ಸರ್ಕಾರ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸುಮಾರು ಸಾವಿರ ಹೈಸ್ಕೂಲುಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. 2004ರ ಡಿಸೆಂಬರಿನಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. ಖಾಸಗಿ ಕಂಪನಿಯವರು ಕಂಪ್ಯೂಟರ್ ಕೂರಿಸಿ, ಕಲಿಸೋರನ್ನೂ ಕಳಿಸಿ, ಐದು ವರ್ಷ ನಡೆಸಿ ಶಾಲೆಗೆ ಬಿಟ್ಟುಕೊಡುವ ಪದ್ಧತಿ ಹಲವು ಕಡೆ ಇತ್ತು. ಐದು ವರ್ಷ ಮುಗಿದ ಮೇಲೆ ಪೆಟ್ಟಿಗೆಗಳು ಉಳಿದವು, ಕಲಿಸೋರು ಹೋದರು.

ಏಳು ಮಕ್ಕಳು, ಒಂದು ಮೌಸು ಅನ್ನೋ ತೊಂದರೆಯನ್ನ ಬೆಂಗಳೂರಿನಲ್ಲೇ ಕೆಲವರು ಕೂತು ಅಧ್ಯಯನ ಮಾಡಿದ್ದಾರೆ ಅಂತ ನನಗೆ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. 2005-06ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಉದಯ್ ಸಿಂಗ್ ಪವಾರ್, ಜಯೋಜೀತ್ ಪಾಲ್, ಕೆಂಟಾರೊ ತೊಯಾಮ ಹಳ್ಳಿ ಶಾಲೆಗಳಲ್ಲಿ ನಾವು ಅನುಭವಿಸಿದ್ದನ್ನೇ ಕಂಡರು. ಒಬ್ಬ ಆಡಿಸೋನು, ಉಳಿದವರು ನೋಡೋರು. ಅವರು ಒಂದೇ ಕಂಪ್ಯೂಟರಿಗೆ ಐದಾರು ಮೌಸ್ ಜೋಡಿಸಿ, ಪರದೆ ಮೇಲೆ ಪ್ರತಿ ಮಗುವಿಗೂ ಒಂದೊಂದು ಬಣ್ಣದ ಬಾಣ ಬರೋ ಹಾಗೆ ಸಾಫ್ಟ್‌ವೇರ್ ಮಾಡಿದರು. ಅಲ್ಲೂ ಒಂದು ಪಾಠ ಸಿಕ್ಕಿತು. ಯಾರು ಮೊದಲು ಒತ್ತುತ್ತಾರೋ ಅವರು ಗೆದ್ದರು ಅಂತ ಆಟ ಇಟ್ಟರೆ, ಹುಡುಗರ ಗುಂಪು ಯೋಚನೆಯನ್ನೇ ಮಾಡದೆ ಟಕಟಕ ಒತ್ತುತ್ತಿತ್ತು. ಎಲ್ಲರೂ ಒಪ್ಪಿ ಒತ್ತಿದರೆ ಮಾತ್ರ ಮುಂದಕ್ಕೆ ಹೋಗುತ್ತೆ ಅಂತ ಮಾಡಿದಾಗ ಮಕ್ಕಳು ಮಾತಾಡಿಕೊಂಡು ಕಲಿತರು. ಮೌಸ್ ಹೆಚ್ಚಿದರೆ ಸಾಲದು, ಆಟದ ನಿಯಮವನ್ನೂ ಯಾರಾದರೂ ಯೋಚಿಸಿ ಇಡಬೇಕು.

ಪ್ರತಿ ಮಗುವಿಗೂ ಒಂದೊಂದು ಕೊಟ್ಟುಬಿಟ್ಟರೆ? ಅದನ್ನೂ ಮಾಡಿದ್ದಾರೆ. 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಗೆ ನಮ್ಮ ದೇಶ 2006ರಲ್ಲೇ ಬೇಡ ಅಂತು. ದಕ್ಷಿಣ ಅಮೆರಿಕದ ಪೆರು ದೇಶ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ನೋಡಿದ ಅಧ್ಯಯನ 2012ರಲ್ಲಿ ಬಂತು. ಮಕ್ಕಳು ಕಂಪ್ಯೂಟರ್ ಬಳಸೋದು ಹೆಚ್ಚಾಗಿತ್ತು. ಗಣಿತದಲ್ಲಿ, ಭಾಷೆಯಲ್ಲಿ ಸುಧಾರಣೆ ಮಾತ್ರ ಕಂಡಿರಲಿಲ್ಲ.

ನಮ್ಮಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಲವು ವರ್ಷ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಮೂಲಕ ಕಲಿಸೋ ಕೆಲಸ ಮಾಡಿತು. ಕನ್ನಡದಲ್ಲೂ ಪಾಠದ ಸಿಡಿಗಳನ್ನ ತಂದಿತು. 2010ರಲ್ಲಿ ಅದರ ಅನುರಾಗ್ ಬೆಹರ್ ಪತ್ರಿಕೆಯೊಂದರಲ್ಲಿ, ಶಿಕ್ಷಣದ ಮೂಲ ತೊಂದರೆಗಳನ್ನ ತಂತ್ರಜ್ಞಾನ ಬಗೆಹರಿಸೋದಿಲ್ಲ ಅನ್ನೋ ಅರ್ಥದಲ್ಲಿ ನೇರವಾಗಿ ಬರೆದರು. ಸಾಫ್ಟ್‌ವೇರ್ ದುಡ್ಡಿನಿಂದ ಬೆಳೆದ ಸಂಸ್ಥೆಯ ಕಡೆಯಿಂದ ಆ ಮಾತು ಬಂದಿದ್ದು ನನಗೆ ದೊಡ್ಡದಾಗಿ ಕಂಡಿತು. ತೊಯಾಮ ಅವರೂ 2015ರ ತಮ್ಮ ಪುಸ್ತಕದಲ್ಲಿ ಹೇಳೋದು ಇದನ್ನೇ. ಯಂತ್ರ ಇದ್ದದ್ದನ್ನ ಹಿಗ್ಗಿಸುತ್ತೆ. ಒಳ್ಳೆ ಮೇಷ್ಟ್ರು ಇದ್ದ ಕಡೆ ಒಳ್ಳೇದು ಹೆಚ್ಚುತ್ತೆ, ಮುಂದೆ ನಿಲ್ಲೋರು ಹಿಂದೆ ನಿಲ್ಲೋರು ಅಂತ ಇದ್ದ ಕಡೆ ಆ ಅಂತರವೂ ಹೆಚ್ಚುತ್ತೆ.

ಬೀಗ ತೆಗೆದಾಗ

ಗ್ರೂಪಿನವರಿಗೆ ಏನೂ ಹೇಳದೆ ಮೊದಲು ಊರಿಗೆ ಹೋದೆ. ಹೆಡ್ ಮಾಸ್ಟರು ಬೀಗದ ಗೊಂಚಲು ಹಿಡಿದು ಅದೇ ರೂಮಿಗೆ ಕರೆದುಕೊಂಡು ಹೋದರು. ಚಪ್ಪಲಿ ಬಿಡೋಕೆ ಹೋದೆ. "ಹಾಕ್ಕೊಂಡೇ ಬನ್ನಿ ಮೇಡಂ, ಧೂಳಿದೆ" ಅಂದರು. ಹತ್ತೂ ಹಳೇ ಮಾನಿಟರುಗಳು ಗೋಡೆ ಬದಿಗೆ, ಮೇಲೆ ಹಳೇ ಉತ್ತರ ಪತ್ರಿಕೆಯ ಕಟ್ಟುಗಳು. "ಸ್ಟಾಕ್ ರಿಜಿಸ್ಟರಿನಲ್ಲಿ ಇವೆ, ಬಿಸಾಕೋ ಹಂಗಿಲ್ಲ. ರಿಪೇರಿಗೆ ದುಡ್ಡಿಲ್ಲ" ಅಂದರು. ಆಮೇಲೆ ಮೆಲ್ಲಗೆ, "ಹತ್ತು ಹೊಸಾವು ಕೊಟ್ರೆ ಸಂತೋಷಾನೇ. ನೋಡ್ಕಳೋರು ಯಾರು ಅನ್ನೋದೇ ಪ್ರಶ್ನೆ" ಅಂದರು. ಅವರು ಅಷ್ಟು ಬಾಯಿಬಿಟ್ಟು ಹೇಳಿದ್ದಕ್ಕೆ ನನಗೂ ಧೈರ್ಯ ಬಂತು.

ಗ್ರೂಪಿನಲ್ಲಿ ಸೇರಿದ್ದು 2,40,000 ರೂಪಾಯಿ. ಹತ್ತು ಹೊಸ ಕಂಪ್ಯೂಟರ್ ಕೊಟ್ಟು ಫೋಟೋ ತೆಗೆಸಿಕೊಳ್ಳೋಕೆ ಇನ್ನಷ್ಟು ಹಾಕಿದರೆ ಸಾಕಿತ್ತು. ನಾನು ಬೇಡ ಅಂದೆ. ಎರಡು ದಿನ ಜಗಳವೇ ಆಯಿತು. "ಸೆಕೆಂಡ್ ಹ್ಯಾಂಡ್ ಕೊಡೋಕೆ ಮರ್ಯಾದೆ ಹೋಗಲ್ವಾ?" ಅಂತ ಒಬ್ಬ ಗ್ರೂಪೇ ಬಿಟ್ಟುಹೋದ. ಗೆಳತಿ ಮಾತ್ರ ವಾಯ್ಸ್ ಮೆಸೇಜು ಹಾಕಿದಳು: "ಆ ರೂಮಲ್ಲಿ ನೀವೆಲ್ಲ ಕುರ್ಚಿ ಮೇಲೆ ಕೂತಿದ್ರಿ ಕಣ್ರೋ, ನಾವು ನಿಂತಿದ್ವಿ. ಅವಳು ಹೇಳೋದು ಕೇಳಿ." ಆಮೇಲೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಲೆಕ್ಕ ಹೀಗಾಯಿತು. ಆರು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಒಂದಕ್ಕೆ 16,000ದಂತೆ 96,000. ಲ್ಯಾಪ್‌ಟಾಪೇ ಯಾಕಂದರೆ ಅದರೊಳಗೇ ಬ್ಯಾಟರಿ ಇರುತ್ತೆ. ಕರೆಂಟ್ ಹೋದರೂ ಒಂದು ಪೀರಿಯಡ್ ನಡೆಯುತ್ತೆ, ಯುಪಿಎಸ್ ರಗಳೆ ಇಲ್ಲ. ಊರಲ್ಲೇ ಇದ್ದ ಬಿಸಿಎ ಓದಿದ ಹುಡುಗಿಗೆ ತಿಂಗಳಿಗೆ 6,000ದಂತೆ ವರ್ಷಕ್ಕೆ ಹತ್ತು ತಿಂಗಳು, ಎರಡು ವರ್ಷಕ್ಕೆ 1,20,000. ಉಳಿದ 24,000 ವೈರಿಂಗು, ಅರ್ಥಿಂಗು, ಮೌಸು, ರಿಪೇರಿಗೆ. ತಂತ್ರಾಂಶಕ್ಕೆ ಕಾಸು ಬೇಕಾಗಲಿಲ್ಲ, ಎಲ್ಲಾ ಉಚಿತವಾಗಿ ಸಿಗೋವೇ.

ಗಣಿತದ ಮೇಡಂ ಜಿಯೋಜಿಬ್ರಾ ಬೇಕು ಅಂದರು. ತ್ರಿಭುಜ ಬರೆದು ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನ ಬದಲಾಗುತ್ತವೆ, ಕೂಡಿದರೆ ಮಾತ್ರ 180 ಡಿಗ್ರಿಯೇ. ಬೋರ್ಡಿನ ಮೇಲೆ ಹತ್ತು ಚಿತ್ರ ಬರೆದರೂ ಬರದ ನಂಬಿಕೆ, ಮಗು ತಾನೇ ಎಳೆದಾಗ ಬರುತ್ತೆ. ಅರ್ಧ ಕ್ಲಾಸು ಅವರ ಹತ್ತಿರ ಲೆಕ್ಕ ಮಾಡೋದು, ಇನ್ನರ್ಧ ಲ್ಯಾಬಿಗೆ. ಒಂದು ಲ್ಯಾಪ್‌ಟಾಪಿಗೆ ಮೂರೇ ಮಕ್ಕಳು. ಹುಡುಗಿಯರ ಗುಂಪು ಬೇರೆ, ಹುಡುಗರದ್ದು ಬೇರೆ. ಹತ್ತು ನಿಮಿಷಕ್ಕೊಮ್ಮೆ ಗಂಟೆ, ಗಂಟೆ ಹೊಡೆದರೆ ಮೌಸ್ ಪಕ್ಕದವರಿಗೆ. ನಿಯಮ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇವೆ.

ಎಲ್ಲಾ ಸುಸೂತ್ರ ಅಂತ ಹೇಳಲ್ಲ. ಒಂದು ಲ್ಯಾಪ್‌ಟಾಪ್ ಎರಡೇ ತಿಂಗಳಿಗೆ ಕೆಟ್ಟು ದಾವಣಗೆರೆಗೆ ರಿಪೇರಿಗೆ ಹೋಗಿಬಂತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಕ್ಕಳ ಹಾಜರಿ ಕಡಿಮೆ. ಎರಡು ವರ್ಷ ಕಳೆದ ಮೇಲೆ ಆ ಹುಡುಗಿಯ ಸಂಬಳಕ್ಕೆ ಏನು ಅನ್ನೋದಕ್ಕೆ ಇನ್ನೂ ನಮ್ಮ ಹತ್ತಿರ ಉತ್ತರ ಇಲ್ಲ. ಅಂಕ ಹೆಚ್ಚಾಯಿತಾ ಅಂದರೆ ಒಂದೇ ವರ್ಷಕ್ಕೆ ಹೇಳೋಕಾಗಲ್ಲ.

2023-24ರ ಯುಡೈಸ್ ವರದಿ ಪ್ರಕಾರ ದೇಶದ ನೂರು ಶಾಲೆಗಳಲ್ಲಿ ಸುಮಾರು 57ರಲ್ಲಿ ನಡೆಯೋ ಕಂಪ್ಯೂಟರ್ ಇದೆ. ಆ ಲೆಕ್ಕದಲ್ಲಿ ಮೌಸ್ ಯಾರ ಕೈಯಲ್ಲಿತ್ತು ಅನ್ನೋದು ಬರೋದಿಲ್ಲ. ನೀವೂ ನಿಮ್ಮ ಹಳೇ ಶಾಲೆಗೆ ಏನಾದರೂ ಕೊಡಬೇಕು ಅಂತಿದ್ದರೆ ಮೊದಲು ಒಂದು ಪೀರಿಯಡ್ ಹಿಂದೆ ನಿಂತು ನೋಡಿ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಕೆಟ್ಟರೆ ಯಾರು ನೋಡುತ್ತಾರೆ ಅಂತ ಕೇಳಿ. ಆಮೇಲೆ ಪರ್ಸಿಗೆ ಕೈ ಹಾಕಿ.

ಹೋದ ತಿಂಗಳು ಊರಿಗೆ ಹೋದಾಗ ಗೆಳತಿ ಮಗಳನ್ನು ಕರೆದುಕೊಂಡು ಶಾಲೆ ಹತ್ತಿರ ಬಂದಳು. ಶನಿವಾರ, ಬೆಳಗಿನ ಸ್ಕೂಲು ಮುಗಿದಿತ್ತು. ಮಗಳು ಸೀದಾ ಹೋಗಿ ಕೂತಳು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ನಾನೂ ಒಂದ್ಸಲ ಹಿಡೀಲೇನೇ?" ಅಂದಳು. ಕೂತವಳು ಮೌಸ್ ಬಿಟ್ಟು ಪರದೆಯನ್ನೇ ಬೆರಳಲ್ಲಿ ಒತ್ತಿದಳು, ಮೊಬೈಲ್ ಅಭ್ಯಾಸ. ಮಗಳು ಅವಳ ಕೈ ಮೇಲೆ ಕೈಯಿಟ್ಟು ಬಾಣ ಹೇಗೆ ಓಡಿಸೋದು ಅಂತ ತೋರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಗೆಳತಿ ನನ್ನ ಕಡೆ ತಿರುಗಿ ಕೇಳಿದಳು:

"ಒತ್ತಕ್ಷರಕ್ಕೆ ಎಫ್ ಅಲ್ವೇನೇ?"