ಮರೆವೋ, ಕಿವಿ ಮಂದವೋ?

ವಯೋವೃದ್ಧರನ್ನು ಚಿಕಿತ್ಸೆಗೆ ಕರೆತರುವ ಮಕ್ಕಳು, ಸೊಸೆಯಂದಿರು ನಮ್ಮಲ್ಲಿ ಹೇಳುವ ಮಾತು ಬಹುತೇಕ ಒಂದೇ: ‘ಕೇಳಿದ್ದೊಂದಾದರೆ ಉತ್ತರ ಇನ್ನೊಂದು, ಮರೆವು ಹೆಚ್ಚಾಗಿದೆ.’ ಮರೆವು ಇರಲೂಬಹುದು. ಆದರೆ ಪ್ರಶ್ನೆಯು ಅವರ ಕಿವಿಯನ್ನು ಮುಟ್ಟಿತೇ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡಿರುವ ಕಾಕ್ಲಿಯ ಎಂಬ ಭಾಗವಿದೆ. ಅದರಲ್ಲಿರುವ ಸುಮಾರು 15,000 ರೋಮಕೋಶಗಳ ನೆರವಿನಿಂದಲೇ ಶಬ್ದದ ಕಂಪನವು ನರಸಂಕೇತವಾಗಿ ಮೆದುಳನ್ನು ಸೇರುತ್ತದೆ. ಮನುಷ್ಯರಲ್ಲಿ ಇವು ನಶಿಸಿದರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಹಾನಿಗೊಳ್ಳುವುದು ಸಾಮಾನ್ಯವಾಗಿ ಸುರುಳಿಯ ಬುಡದಲ್ಲಿ ತಾರಸ್ಥಾಯಿಯ ಶಬ್ದಗಳನ್ನು ಗ್ರಹಿಸುವ ಭಾಗ. ಆದ್ದರಿಂದ ಅ, ಆ, ಓ ಮುಂತಾದ ಸ್ವರಗಳು ಕೇಳಿಸುತ್ತವೆ. ಸ, ತ, ಕ, ಪ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಹಾಲು, ಕಾಲು, ಸಾಲು ಮೂರೂ ಒಂದೇ ಆಗಿಬಿಡುತ್ತವೆ. ‘ಹಾಲು ಹೇಗಿದೆ?’ ಎಂದರೆ ‘ಕಾಲು ಈಗ ಪರವಾಗಿಲ್ಲ’ ಎನ್ನುವ ಅಜ್ಜಿ, ಕಿವಿಗೆ ಬಿದ್ದಷ್ಟಕ್ಕೆ ಸರಿಯಾಗಿಯೇ ಉತ್ತರಿಸಿದ್ದಾರೆ. ಕೂಗಿ ಹೇಳಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ಸ್ಪಷ್ಟವಾಗದು. ಮೇಲಾಗಿ ಬೈಗುಳದಂತೆ ಕೇಳಿಸುತ್ತದೆ.

ಡಿಮೆನ್ಷಿಯಾ ನಿಜವಾಗಿಯೂ ಇರುವವರಿಗೆ ಈ ಹೊರೆ ಇಮ್ಮಡಿ. ಅರ್ಧ ಕೇಳಿದ ವಾಕ್ಯವನ್ನು ನಾವೆಲ್ಲ ಸಂದರ್ಭ ನೋಡಿ ತುಂಬಿಕೊಳ್ಳುತ್ತೇವೆ. ಆ ಶಕ್ತಿಯೇ ಅವರಲ್ಲಿ ಕುಗ್ಗಿರುತ್ತದೆ. ಮೌನ, ಸಂಶಯ, ಸಿಡುಕು ಕಂಡಾಗ ಮನೆಯವರು ರೋಗ ಉಲ್ಬಣಿಸಿತೆಂದೇ ತಿಳಿಯುತ್ತಾರೆ. ನೆನಪಿನ ಪರೀಕ್ಷೆಯೂ ಬಹುಮಟ್ಟಿಗೆ ಬಾಯಿಮಾತಿನದೇ ಆದ್ದರಿಂದ, ಕಿವಿ ಪರೀಕ್ಷಿಸದೆ ಅದರ ಅಂಕಗಳನ್ನು ಪೂರ್ಣವಾಗಿ ನಂಬಲಾಗದು.

ಲ್ಯಾನ್ಸೆಟ್ ಆಯೋಗದ 2024ರ ವರದಿಯು ಡಿಮೆನ್ಷಿಯಾದ ನಿವಾರಿಸಬಹುದಾದ 14 ಅಪಾಯಾಂಶಗಳಲ್ಲಿ ಶ್ರವಣದೋಷವನ್ನೂ ಎಣಿಸಿದೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ಗುಂಪಿಗೆ ಶ್ರವಣಚಿಕಿತ್ಸೆಯಿಂದ ಬುದ್ಧಿಶಕ್ತಿಯ ಕುಸಿತ ತಗ್ಗಲಿಲ್ಲ. ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಶೇ. 48ರಷ್ಟು ನಿಧಾನಗೊಂಡಿತು. ಶ್ರವಣಯಂತ್ರವು ಮರೆವನ್ನು ಗುಣಪಡಿಸುತ್ತದೆ ಎಂದು ಮಾರುವವರನ್ನು ನಂಬಬೇಡಿ.

ಸುಶ್ರುತರು 28 ಕರ್ಣರೋಗಗಳನ್ನು ಹೇಳಿದ್ದಾರೆ, ಬಾಧಿರ್ಯ ಅವುಗಳಲ್ಲೊಂದು. ಕರ್ಣಪೂರಣವನ್ನು ನಾವೂ ಮಾಡುತ್ತೇವೆ. ಆದರೆ ನಶಿಸಿದ ರೋಮಕೋಶಗಳನ್ನು ತೈಲವು ಮರಳಿಸುವುದೆಂದು ಹೇಳಲಾರೆವು. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಮನೆಯಲ್ಲಿ ಎಣ್ಣೆ ಬಿಡಲೇಬಾರದು. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯನ್ನು ವೈದ್ಯರು ತೆಗೆದೊಡನೆಯೇ ಕಿವಿ ತೆರೆದುಕೊಳ್ಳುತ್ತದೆ. ಕಿವಿ ಹಠಾತ್ತನೆ ಕೇಳಿಸದಾದರೆ ಅಂದೇ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಿರಿ; ತಡಮಾಡಿದಷ್ಟೂ ನಷ್ಟ. ಶ್ರವಣ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಮಾತನಾಡುವಾಗ ಟಿ.ವಿ. ಆರಿಸಿ, ಎದುರಿಗೆ ಬೆಳಕಿನಲ್ಲಿ ಕುಳಿತು, ಚಿಕ್ಕ ವಾಕ್ಯಗಳಲ್ಲಿ ಹೇಳಿರಿ. ಯಂತ್ರವನ್ನು ಮೊದಲು ಶಾಂತವಾದ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಹಾಕಿ ರೂಢಿ ಮಾಡಿಸಿರಿ. ಅದರ ಗುಂಡಿಯಂಥ ಬ್ಯಾಟರಿಯನ್ನು ಮರೆವುಳ್ಳವರು ಮಾತ್ರೆಯೆಂದು ನುಂಗುವ ಅಪಾಯವಿದೆ. ಚಾರ್ಜ್ ಮಾಡುವ ಬಗೆಯದನ್ನೇ ಕೇಳಿ ಪಡೆಯಿರಿ.